ಮಗುವಿನ ಮೈಗೆ ಯಾವುದು ಬೇಕು, ಯಾವುದು ಬೇಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಸೋಪು, ಎಣ್ಣೆ, ಪೌಡರ್, ಕ್ರೀಮುಗಳ ಬಗ್ಗೆಯೇ ಇವೆ. "ಯಾವ ಕಂಪನಿಯದು ತರೋಣ?" ಎಂದು ಕೇಳಿದವರೇ ಬಹಳ. ಕಂಪನಿಯ ಹೆಸರು ಹೇಳಿದರೆ ನಿಮಗೆ ಉಪಯೋಗವಿಲ್ಲ. ಒಂದೇ ಕಂಪನಿ ಒಳ್ಳೆಯ ಕ್ರೀಮನ್ನೂ ಮಾಡುತ್ತದೆ, ಮಗುವಿಗೆ ಬೇಡವೇ ಬೇಡವಾದ ಕಲೋನನ್ನೂ ಮಾರುತ್ತದೆ. ಡಬ್ಬಿ ಕೈಗೆತ್ತಿಕೊಂಡಾಗ ಮೂರು ಸಂಗತಿ ಕೇಳಿಕೊಳ್ಳಿ: ಇದು ಮೈಮೇಲೆ ಎಷ್ಟು ಹೊತ್ತು ಉಳಿಯುತ್ತದೆ? ಯಾವ ಜಾಗದ ಚರ್ಮಕ್ಕೆ ಹಚ್ಚುತ್ತೇವೆ? ಅಲ್ಲಿಂದ ಮೂಗು, ಬಾಯಿ, ಕಣ್ಣಿಗೆ ಹೋಗುತ್ತದೆಯೇ? ಕೆಳಗಿನ ಉತ್ತರಗಳೆಲ್ಲ ಈ ಮೂರನ್ನು ಹಿಡಿದೇ ಬರೆದಿವೆ.

ಹೆರಿಗೆಯಾಗಿ ಇಪ್ಪತ್ತು ದಿನವಾಯಿತು, ತವರಿನಲ್ಲಿ ಬಾಣಂತನ. ಅಜ್ಜಿ ದಿನಾ ಮಗುವಿಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಗಂಡನ ಮನೆಯವರು ಸೋಪು, ಶಾಂಪೂ, ಎಣ್ಣೆ, ಲೋಶನ್, ಪೌಡರ್, ಕಲೋನ್ ಇರುವ ಬೇಬಿ ಕಿಟ್ ಕೊಟ್ಟಿದ್ದಾರೆ. ಯಾವುದನ್ನು ಬಳಸಲಿ?
— ಒಬ್ಬ ಬಾಣಂತಿ, ದಾವಣಗೆರೆ

ಕಿಟ್‌ನಿಂದ ಕಲೋನ್ ಮತ್ತು ಪೌಡರ್ ಈಗಲೇ ತೆಗೆದಿಡಿ. ಕಲೋನ್ ಎಂದರೆ ಆಲ್ಕೋಹಾಲ್ ಮತ್ತು ಸುಗಂಧ, ಎರಡೂ ಮಗುವಿಗೆ ಬೇಡ. ಪೌಡರ್ ಯಾಕೆ ಬೇಡ ಎಂಬುದನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇವೆ. ಶಾಂಪೂ ಸದ್ಯಕ್ಕೆ ಬೇಕಿಲ್ಲ. ಮೈಗೆ ಹಾಕುವ ಸೋಪೇ ತಲೆಗೂ ಸಾಕು. ಲೋಶನ್ ಇರಲಿ, ಚರ್ಮ ಒಣಗಿ ಬಿರುಕು ಬಿಟ್ಟರೆ ಮಾತ್ರ ಹಚ್ಚಿ. ಹುಟ್ಟಿದ ಒಂದೆರಡು ವಾರಗಳಲ್ಲಿ ಕೈಕಾಲಿನ ತೆಳುಸಿಪ್ಪೆ ಏಳುವುದು ಸಹಜ, ಅದಕ್ಕೆ ಔಷಧಿ ಬೇಡ.

ಸೋಪಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಹುಟ್ಟಿದಾಗ ಮಗುವಿನ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಇಳಿದಷ್ಟೂ ಆಮ್ಲಗುಣ ಹೆಚ್ಚು) ಹೆಚ್ಚುಕಡಿಮೆ ನೀರಿನಷ್ಟೇ ಇರುತ್ತದೆ. ಕೆಲವು ವಾರಗಳಲ್ಲಿ ಅದು 5.5ರ ಆಸುಪಾಸಿಗೆ ಇಳಿಯುತ್ತದೆ. ಈ ಆಮ್ಲಗುಣವೇ ಕೀಟಾಣುಗಳನ್ನು ದೂರವಿಡುತ್ತದೆ, ಚರ್ಮದ ಮೇಲ್ಪದರವನ್ನು ಗಟ್ಟಿ ಮಾಡುತ್ತದೆ. ಮಾಮೂಲಿ ಸೋಪಿನ ಪಿಎಚ್ 9ರಿಂದ 10. ದಿನಾ ಮೈತುಂಬ ಹಚ್ಚಿದರೆ ಆ ಪದರ ಕೂಡಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಹಾಗಾಗಿ ನಮ್ಮ ಸೆಕೆಗೆ ದಿನಾ ನೀರು ಹಾಕುವುದು ಸರಿ, ಸೋಪು ಮಾತ್ರ ವಾರಕ್ಕೆ ಎರಡು ಮೂರು ಸಲ ಸಾಕು. ಅದೂ ಕುತ್ತಿಗೆ ಮಡಿಕೆ, ಕಂಕುಳು, ತೊಡೆಸಂದು, ಕುಂಡೆಗೆ. ಹೊಸದಾಗಿ ತರುವುದಾದರೆ ಸುಗಂಧವಿಲ್ಲದ, ಪಿಎಚ್ 5.5 ಎಂದು ಬರೆದ ಸಿಂಡೆಟ್ (ಸೋಪಲ್ಲದ, ಸೌಮ್ಯ ಮಾರ್ಜಕದಿಂದ ಮಾಡಿದ) ಬಾರ್ ಅಥವಾ ಲಿಕ್ವಿಡ್ ತನ್ನಿ.

ಅಜ್ಜಿಯ ಎಣ್ಣೆಸ್ನಾನವನ್ನು ಪೂರ್ತಿ ನಿಲ್ಲಿಸಬೇಕಿಲ್ಲ. ಮಗುವಿಗೆ ಆ ಕೈಸ್ಪರ್ಶ ಒಳ್ಳೆಯದೇ. ಕೊಬ್ಬರಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಒಂದೆರಡು ಟೀ ಚಮಚ ಸಾಕು. ತಿಕ್ಕುವುದು ಬೇಡ, ಸವರಿದರೆ ಆಯಿತು. ಆಲಿವ್ ಎಣ್ಣೆ ದುಬಾರಿ ಎಂದ ಮಾತ್ರಕ್ಕೆ ಮೇಲಲ್ಲ. ಅದರಲ್ಲಿ ಓಲಿಯಿಕ್ ಆಮ್ಲ ಹೆಚ್ಚು, ಅದು ಚರ್ಮದ ಮೇಲ್ಪದರವನ್ನು ಸಡಿಲಿಸುತ್ತದೆ. ಸಾಸಿವೆ ಎಣ್ಣೆ ಉರಿ ತರಿಸುತ್ತದೆ. ಹರಳೆಣ್ಣೆ ಮಂದ, ಬೇಸಿಗೆಯಲ್ಲಿ ಮೈತುಂಬ ಹಚ್ಚಿ ಬಿಟ್ಟರೆ ಬೆವರಿನ ರಂಧ್ರ ಕಟ್ಟಿ ಗುಳ್ಳೆ ಏಳುತ್ತವೆ.

ಆದರೆ ನಾಲ್ಕು ಕೆಲಸ ಅಜ್ಜಿಗೆ ಸಮಾಧಾನದಿಂದ ಹೇಳಿ ನಿಲ್ಲಿಸಲೇಬೇಕು. ಮೂಗಿಗೆ, ಕಿವಿಗೆ, ಹೊಕ್ಕುಳಿಗೆ ಎಣ್ಣೆ ಬಿಡುವುದು ಮೊದಲನೆಯದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ, ಅಲ್ಲೇ ಕುಳಿತು ನ್ಯುಮೋನಿಯಾ ಆಗುತ್ತದೆ. ಎರಡನೆಯದು ಸಾಂಬ್ರಾಣಿ ಹೊಗೆ; ತಲೆ ಒಣಗಿಸಲು ಮೆತ್ತನೆಯ ಹತ್ತಿ ಬಟ್ಟೆ ಸಾಕು. ಮೂರನೆಯದು ಕಡಲೆಹಿಟ್ಟಿನ ಉಂಡೆಯಿಂದ ಮೈಕೂದಲು ತೆಗೆಯುವುದು. ಆ ಕೂದಲು ಕೆಲವು ವಾರಗಳಲ್ಲಿ ತಾನಾಗಿಯೇ ಉದುರುತ್ತದೆ, ಉಜ್ಜಿದರೆ ಚರ್ಮ ಕೀರುತ್ತದೆ, ಅಲ್ಲಿ ಕೀವುಗುಳ್ಳೆ ಏಳುತ್ತವೆ. ನಾಲ್ಕನೆಯದು ಬಿಸಿಬಿಸಿ ನೀರು. ಮೊಣಕೈ ಅದ್ದಿ ನೋಡಿದಾಗ ಬಿಸಿಯೂ ತಣ್ಣಗೂ ಅನಿಸಬಾರದು, ಸುಮಾರು 37 ಡಿಗ್ರಿ. ಐದರಿಂದ ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಲಿ. ನೀರಿಗೆ ಆ್ಯಂಟಿಸೆಪ್ಟಿಕ್ ದ್ರಾವಣ ಬೆರೆಸುವ ರೂಢಿಯಿದ್ದರೆ ಅದನ್ನೂ ಬಿಡಿ.

ಗರ್ಭಿಣಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಹುಟ್ಟಿದ ಕೂಡಲೇ ಮಗುವಿಗೆ ನೀರು ಹಾಕಬೇಡಿ. ಮೊದಲ ಸ್ನಾನ ಕನಿಷ್ಠ 24 ಗಂಟೆ ತಡವಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಮೇಲಿನ ಬಿಳಿ ಜಿಗುಟು ಕೊಳೆಯಲ್ಲ, ಅದು ಮಗುವಿನ ಮೊದಲ ರಕ್ಷಣೆ.

ನಮ್ಮಲ್ಲಿ ಮಾರ್ಚ್ ಬಂದರೆ ಸಾಕು, ಮಗುವಿನ ಕುತ್ತಿಗೆ, ಬೆನ್ನು ತುಂಬಾ ಬೆವರುಸಾಲೆ. ಪೌಡರ್ ಹಾಕದೆ ಹೇಗೆ? ಟಾಲ್ಕ್ ಇಲ್ಲದ ಪೌಡರ್ ಆಗಬಹುದೇ?
— ಒಬ್ಬ ತಾಯಿ, ರಾಯಚೂರು

ಬೆವರಿನ ನಾಳದ ಬಾಯಿ ಮುಚ್ಚಿಕೊಂಡಾಗ ಬೆವರುಸಾಲೆ ಏಳುತ್ತದೆ. ಅದರ ಮೇಲೆ ಪೌಡರ್ ಸುರಿದರೆ ಬೆವರಿನ ಜೊತೆ ಸೇರಿ ಮುದ್ದೆಯಾಗಿ ನಾಳ ಇನ್ನಷ್ಟು ಕಟ್ಟುತ್ತದೆ. ಮಡಿಕೆಗಳಲ್ಲಿ ಆ ಮುದ್ದೆ ಉಜ್ಜಿ ಉಜ್ಜಿ ಚರ್ಮ ಕೆಂಪಾಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಉಸಿರಾಟದ್ದು. ಡಬ್ಬಿ ಅಲುಗಿಸಿದಾಗ ಏಳುವ ಧೂಳು ಮಗುವಿನ ಮುಖದ ಮುಂದೆಯೇ ತೇಲುತ್ತದೆ. ಡೈಪರ್ ಬದಲಿಸುವಾಗ ಕೈಗೆ ಆಟಕ್ಕೆಂದು ಕೊಟ್ಟ ಡಬ್ಬಿಯ ಮುಚ್ಚಳ ತೆರೆದುಕೊಂಡು ಪೌಡರ್ ಬಾಯಿ, ಮೂಗಿಗೆ ಸುರಿದರೆ ಜೀವಕ್ಕೇ ಅಪಾಯ. ಕಾರ್ನ್‌ಸ್ಟಾರ್ಚ್ (ಮೆಕ್ಕೆಜೋಳದ ಪಿಷ್ಟ) ಪೌಡರಿನ ಕಣ ಟಾಲ್ಕಿಗಿಂತ ದಪ್ಪ ನಿಜ, ಆದರೂ ಅದು ಧೂಳೇ. ಟಾಲ್ಕ್ ಗಣಿಯಿಂದ ಬರುವ ಖನಿಜ, ಕಲ್ನಾರು (ಆಸ್ಬೆಸ್ಟಾಸ್) ಇರುವ ಕಡೆಯೇ ಸಿಗುವುದರಿಂದ ಅದು ಬೆರೆಯುವ ಆತಂಕ ಹಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಟಾಲ್ಕನ್ನು 'ಕ್ಯಾನ್ಸರ್ ತರುವ ಸಂಭವವಿರುವ' 2ಎ ಗುಂಪಿಗೆ ಸೇರಿಸಿತು. ಜಾನ್ಸನ್ ಅಂಡ್ ಜಾನ್ಸನ್ ಟಾಲ್ಕ್ ಬೇಬಿ ಪೌಡರನ್ನು 2023ರಲ್ಲಿ ಜಗತ್ತಿನಾದ್ಯಂತ ನಿಲ್ಲಿಸಿದೆ. ಬೇರೆ ಬೇರೆ ಹೆಸರಿನಲ್ಲಿ ಟಾಲ್ಕ್ ಪೌಡರ್ ಅಂಗಡಿಗಳಲ್ಲಿ ಈಗಲೂ ಇದೆ, ಹಿಂಬದಿ ಓದಿ.

ಮಾಡಬೇಕಾದ್ದು ಇಷ್ಟು. ತೋಳಿಲ್ಲದ ಒಂದೇ ಪದರದ ಹತ್ತಿ ಜುಬ್ಬ, ಮಧ್ಯಾಹ್ನ ಮತ್ತು ಸಂಜೆ ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ಮಡಿಕೆಗಳನ್ನು ಒತ್ತಿ ಒಣಗಿಸುವುದು, ಫ್ಯಾನಿನ ಗಾಳಿ. ತುರಿಕೆ ಇದ್ದರೆ ಕ್ಯಾಲಮೈನ್ ಲೋಶನ್ ತೆಳುವಾಗಿ ದಿನಕ್ಕೆ ಎರಡು ಸಲ. ಆ ದಿನಗಳಲ್ಲಿ ಎಣ್ಣೆ, ಮಂದ ಕ್ರೀಮು ಬೇಡ. ದೊಡ್ಡವರ 'ಕೂಲ್' ಪೌಡರ್ ಮಗುವಿಗೆ ಹಾಕಲೇಬಾರದು, ಅದರಲ್ಲಿ ಮೆಂಥಾಲ್, ಕರ್ಪೂರ ಇರುತ್ತವೆ. ನೆಗಡಿಗೆ ಎದೆಗೆ ಹಚ್ಚುವ ಬಾಮುಗಳದ್ದೂ ಇದೇ ಮಾತು: ಎರಡು ವರ್ಷದೊಳಗಿನ ಮಗುವಿಗೆ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಸ್ವಲ್ಪ ಬಾಯಿಗೆ ಹೋದರೂ ಫಿಟ್ಸ್ ಬರಬಹುದು. ಗುಳ್ಳೆಯಲ್ಲಿ ಕೀವು ಕಂಡರೆ, ಜ್ವರವಿದ್ದರೆ ವೈದ್ಯರ ಬಳಿ ಹೋಗಿ.

ಡಬ್ಬಿಯ ಮೇಲೆ ನ್ಯಾಚುರಲ್, ಪ್ಯಾರಬೆನ್ ಫ್ರೀ, ಹೈಪೋಅಲರ್ಜೆನಿಕ್, ಟಿಯರ್ ಫ್ರೀ ಎಂದೆಲ್ಲ ಬರೆದಿರುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಹಿಂಬದಿಯ ಸಣ್ಣಕ್ಷರದಲ್ಲಿ ಏನು ನೋಡಬೇಕು?
— ಒಬ್ಬ ತಂದೆ, ಮೈಸೂರು

ಮುಂಬದಿಯ ಮಾತುಗಳನ್ನು ಪಕ್ಕಕ್ಕಿಡಿ. 'ಹೈಪೋಅಲರ್ಜೆನಿಕ್', 'ಡರ್ಮಟಾಲಜಿಸ್ಟ್ ಟೆಸ್ಟೆಡ್' ಎಂದು ಬರೆಯಲು ಇಷ್ಟೇ ಪರೀಕ್ಷೆ ಆಗಿರಬೇಕೆಂಬ ಒಂದು ಅಳತೆಗೋಲಿಲ್ಲ. 'ಟಿಯರ್ ಫ್ರೀ' ಎಂದರೆ ಕಣ್ಣು ಉರಿಯುವುದಿಲ್ಲ ಎಂದಷ್ಟೇ. ಚರ್ಮಕ್ಕೆ ಮೃದು ಎಂದಲ್ಲ. ಇನ್ನು 'ನ್ಯಾಚುರಲ್': ಲ್ಯಾವೆಂಡರ್, ಟೀ ಟ್ರೀ, ನಿಂಬೆ ಎಣ್ಣೆಗಳೂ ಗಿಡದಿಂದಲೇ ಬಂದವು, ಅಲರ್ಜಿ ತರುವುದರಲ್ಲೂ ಮುಂದೆ.

ಹಿಂಬದಿಗೆ ಬನ್ನಿ. ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು 2020ರ ಸೌಂದರ್ಯವರ್ಧಕ ನಿಯಮಗಳು. ಪದಾರ್ಥಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ ಸಾಲಾಗಿ ಬರೆಯಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಮುಂದೆ ದೊಡ್ಡದಾಗಿ ಬಾದಾಮಿ, ಕೇಸರಿ ಚಿತ್ರವಿದ್ದು ಪಟ್ಟಿಯಲ್ಲಿ ಅವು ಕಟ್ಟಕಡೆಗೆ, ಸುಗಂಧದ ನಂತರ ಬಂದಿದ್ದರೆ ಎಷ್ಟಿದೆ ಎಂದು ನೀವೇ ಅಂದಾಜು ಮಾಡಿ. 60 ಮಿಲಿ ದ್ರವ, 30 ಗ್ರಾಂ ಕ್ರೀಮಿಗಿಂತ ಕಡಿಮೆ ಇರುವ ಸಣ್ಣ ಪೊಟ್ಟಣಕ್ಕೆ ಪದಾರ್ಥ ಪಟ್ಟಿಯಿಂದ ವಿನಾಯಿತಿ ಇದೆ. ಆದ್ದರಿಂದ ಪಟ್ಟಿ ಓದಬೇಕೆಂದಿದ್ದರೆ ಸ್ಯಾಂಪಲ್ ಟ್ಯೂಬ್ ನೋಡಿ ಪ್ರಯೋಜನವಿಲ್ಲ, ದೊಡ್ಡದನ್ನೇ ತಿರುಗಿಸಿ ನೋಡಿ. ತಯಾರಿಕಾ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನ ಇಲ್ಲದ ಯಾವುದನ್ನೂ ಮಗುವಿಗಾಗಿ ಕೊಳ್ಳಬೇಡಿ. ಜಾತ್ರೆಯಲ್ಲಿ, ಆನ್‌ಲೈನಿನಲ್ಲಿ ಸಿಗುವ 'ಮನೆಯಲ್ಲೇ ತಯಾರಿಸಿದ' ಸೋಪು, ಕ್ರೀಮುಗಳಿಗೂ ಇದೇ ನಿಯಮ.

ತಪ್ಪಿಸಬೇಕಾದ್ದರಲ್ಲಿ ಮೊದಲನೆಯದು ಸುಗಂಧ: ಪಟ್ಟಿಯಲ್ಲಿ 'ಪರ್ಫ್ಯೂಮ್', 'ಫ್ರೇಗ್ರೆನ್ಸ್' ಎಂದಿರುತ್ತದೆ. ಆ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. 'ಅನ್‌ಸೆಂಟೆಡ್' ಎಂದರೆ ವಾಸನೆ ಬರುವುದಿಲ್ಲ ಎಂದು ಮಾತ್ರ, ವಾಸನೆ ಮುಚ್ಚಲು ಇನ್ನೊಂದು ಸುಗಂಧ ಹಾಕಿರಲೂಬಹುದು. ನಿಮಗೆ ಬೇಕಾದ್ದು 'ಫ್ರೇಗ್ರೆನ್ಸ್ ಫ್ರೀ'.

ಎರಡನೆಯದು ಮೀಥೈಲ್‌ಐಸೋಥಯಾಜೊಲಿನೋನ್ ಎಂಬ ಸಂರಕ್ಷಕ, ಅಂದರೆ ವಸ್ತು ಕೆಡದಂತೆ ಕಾಯುವ ರಾಸಾಯನಿಕ. ವೈಪ್ಸ್ ಬಳಸಿದ ಮಕ್ಕಳ ಕುಂಡೆ, ಬಾಯಿಯ ಸುತ್ತ ಕೆಂಪು ಗಂದೆ ಎಬ್ಬಿಸಿ ಹೆಸರು ಕೆಡಿಸಿಕೊಂಡದ್ದು ಇದೇ. ತೊಳೆಯದೆ ಮೈಮೇಲೆ ಬಿಡುವ ವಸ್ತುಗಳಲ್ಲಿ ಯುರೋಪ್ ಒಕ್ಕೂಟ ಇದನ್ನು 2017ರಿಂದ ನಿಷೇಧಿಸಿದೆ. ಫಾರ್ಮಾಲ್ಡಿಹೈಡ್ ಬಿಡುವ ಡಿಎಂಡಿಎಂ ಹೈಡಾಂಟಾಯಿನ್, ಕ್ವಾಟರ್ನಿಯಂ-15 ಕೂಡ ಬೇಡ. ಸೋಡಿಯಂ ಲಾರಿಲ್ ಸಲ್ಫೇಟ್ ಪಟ್ಟಿಯ ಮೊದಲ ಸಾಲಿನಲ್ಲೇ ಇದ್ದರೆ ಅದು ನೊರೆಗಾಗಿ ಮಾಡಿದ ವಸ್ತು, ಮಗುವಿನ ಚರ್ಮ ಒಣಗಿಸುತ್ತದೆ.

ಪ್ಯಾರಬೆನ್ ಎಂಬ ಸಂರಕ್ಷಕದ ಬಗ್ಗೆ ಜನರಿಗಿರುವ ಹೆದರಿಕೆ ಅದರ ಅಪಾಯಕ್ಕಿಂತ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಪ್ರೊಪೈಲ್, ಬ್ಯುಟೈಲ್ ಪ್ಯಾರಬೆನ್‌ಗಳನ್ನು ಮೂರು ವರ್ಷದೊಳಗಿನ ಮಕ್ಕಳ ಡೈಪರ್ ಜಾಗಕ್ಕೆ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಬಳಸಬಾರದು ಎಂದು ಯುರೋಪ್ ಒಕ್ಕೂಟ 2014ರಲ್ಲಿ ನಿಯಮ ಮಾಡಿತು. ಅವನ್ನು ಬಿಡಿ, ಸರಿ. ಆದರೆ ಮೀಥೈಲ್, ಈಥೈಲ್ ಪ್ಯಾರಬೆನ್‌ಗಳಿಂದ ಅಲರ್ಜಿಯಾಗುವುದು ಅಪರೂಪ. ಪ್ಯಾರಬೆನ್ ತೆಗೆದು ಅದರ ಜಾಗಕ್ಕೆ ಮೀಥೈಲ್‌ಐಸೋಥಯಾಜೊಲಿನೋನ್ ತಂದದ್ದರಿಂದಲೇ ಎಷ್ಟೋ ಮಕ್ಕಳಿಗೆ ಗಂದೆ ಎದ್ದಿತು. ಇನ್ನು ನೀರಿನಂಶವಿದ್ದೂ ಸಂರಕ್ಷಕವೇ ಇಲ್ಲ ಎನ್ನುವ ಕ್ರೀಮು ನಮ್ಮ ಹವೆಗೆ ಬೇಗ ಕೆಡುತ್ತದೆ, ಅದೂ ಒಳ್ಳೆಯದಲ್ಲ.

ಹೊಸದೇನೇ ತಂದರೂ ಮೊದಲು ಮೊಣಕೈ ಒಳಭಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ. ಅಲರ್ಜಿ ಒಂದೇ ದಿನಕ್ಕೆ ಕಾಣಿಸಿಕೊಳ್ಳಬೇಕೆಂದಿಲ್ಲ. ಒಂದು ವಾರಕ್ಕೆ ಒಂದೇ ಹೊಸ ವಸ್ತು. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಗಂದೆ ಎದ್ದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ.

ಎರಡು ವರ್ಷದ ಮಗನಿಗೆ ಮೊಣಕೈ, ಮಂಡಿ ಹಿಂದೆ ಇಸುಬು. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾನೆ. ನಮ್ಮದು ಬೋರ್‌ವೆಲ್ ನೀರು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡು ದಿನದಲ್ಲಿ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.
— ಒಬ್ಬ ತಾಯಿ, ವಿಜಯಪುರ

ಮೊದಲು ಆ ಟ್ಯೂಬ್ ತಿರುಗಿಸಿ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂಬ ಯಾವುದಾದರೂ ಹೆಸರಿದ್ದರೆ ಅದು ಸ್ಟೀರಾಯ್ಡ್. ಜೊತೆಗೆ ಒಂದು ಆ್ಯಂಟಿಬಯಾಟಿಕ್, ಒಂದು ಹುಳುಕಡ್ಡಿ ಔಷಧಿ ಸೇರಿಸಿದ ಮಿಶ್ರ ಕ್ರೀಮುಗಳು ಬಹಳ ಓಡುತ್ತವೆ. ಮಗುವಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಹೀಗಾಗಿ ಹಚ್ಚಿದ್ದು ರಕ್ತಕ್ಕೆ ಸೇರುವುದೂ ಹೆಚ್ಚು. ಕ್ಲೋಬೆಟಾಸಾಲ್‌ನಂಥ ಗಟ್ಟಿ ಸ್ಟೀರಾಯ್ಡ್ ತಿಂಗಳುಗಟ್ಟಲೆ ಹಚ್ಚಿದರೆ ಮುಖ ದುಂಡಗಾಗಿ ಊದುತ್ತದೆ, ಎತ್ತರ ನಿಲ್ಲುತ್ತದೆ, ಚರ್ಮ ಕಾಗದದಂತಾಗುತ್ತದೆ. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬ್ ಸಮೇತ ಚರ್ಮರೋಗ ತಜ್ಞರನ್ನು ಕಾಣಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ಅವರನ್ನು ಕೇಳದೆ ಒಮ್ಮೆಲೇ ಬಿಡಬೇಡಿ. ಸ್ಟೀರಾಯ್ಡ್ ಎಂದರೆ ವಿಷ ಎಂದೂ ತಿಳಿಯಬೇಡಿ. ವೈದ್ಯರು ಹೈಡ್ರೋಕಾರ್ಟಿಸೋನ್‌ನಂಥ ಸೌಮ್ಯವಾದದ್ದನ್ನು ಇಷ್ಟು ದಿನ, ಇಂಥ ಜಾಗಕ್ಕೆ ಎಂದು ಬರೆದುಕೊಟ್ಟರೆ ಹೆದರದೆ ಹಚ್ಚಿ.

ಮತ್ತೆ ಮತ್ತೆ ಬರುವುದಕ್ಕೆ ಕಾರಣ ಚರ್ಮದ ತೇವ ನಿಲ್ಲದಿರುವುದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದ ಜೊತೆ ಕೂಡಿ ಕರಗದ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಅಂಟುವುದು ಅದೇ. ಮಗುವಿನ ಮೈಗೂ ಅಂಟುತ್ತದೆ. ಸಿಂಡೆಟ್ ಬಾರ್ ಹೀಗೆ ಗಸಿ ಕಟ್ಟುವುದಿಲ್ಲ, ಬೋರ್‌ವೆಲ್ ನೀರಿನ ಊರಿಗೆ ಅದೇ ಸರಿ. ಪಟ್ಟಿಯಲ್ಲಿ ಮೊದಲಿಗೇ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಎಂದಿದ್ದರೆ ಅದು ಸಿಂಡೆಟ್. ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಎಂದಿದ್ದರೆ ಮಾಮೂಲಿ ಸೋಪು. ನೀರು ಮೃದು ಮಾಡುವ ಯಂತ್ರಕ್ಕೆ ಹಣ ಸುರಿಯಬೇಡಿ. ಇಂಗ್ಲೆಂಡಿನಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದಾಗ ಅದರಿಂದ ಇಸುಬಿಗೆ ಹೆಚ್ಚಿನ ಗುಣ ಕಂಡಿಲ್ಲ.

ಸ್ನಾನ ಮುಗಿದ ಮೂರು ನಿಮಿಷದೊಳಗೆ, ಮೈ ಇನ್ನೂ ಪಸೆಯಾಗಿರುವಾಗಲೇ, ಸುಗಂಧವಿಲ್ಲದ ಮಂದ ಕ್ರೀಮು ಹಚ್ಚಿ. ಬಾಟಲಿ ಬಗ್ಗಿಸಿದರೆ ಹರಿಯುವ ಲೋಶನ್ನಿಗಿಂತ ಟ್ಯೂಬಿನಿಂದ ಹಿಂಡಬೇಕಾದ ಕ್ರೀಮು ಒಳ್ಳೆಯದು. ದುಡ್ಡಿಗೆ ತೊಂದರೆಯಿದ್ದರೆ ಬಿಳಿ ಪೆಟ್ರೋಲಿಯಂ ಜೆಲ್ಲಿ ತನ್ನಿ, ಅದಕ್ಕೆ ನಾಚಬೇಕಾದ್ದಿಲ್ಲ. ಸುಗಂಧವಿಲ್ಲ, ಸಂರಕ್ಷಕವೂ ಬೇಕಿಲ್ಲ.

ಎಲ್ಲರೂ ಎಡವುವುದು ಪ್ರಮಾಣದಲ್ಲಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ. ನಿಮ್ಮ ಮಗನ ವಯಸ್ಸಿಗೆ ಮುಖ, ಕುತ್ತಿಗೆಗೆ ಒಂದೂವರೆ ಗೆರೆ, ಒಂದೊಂದು ಕೈಗೆ ಒಂದೂವರೆ, ಒಂದೊಂದು ಕಾಲಿಗೆ ಎರಡು, ಎದೆ ಹೊಟ್ಟೆಗೆ ಎರಡು, ಬೆನ್ನು ಕುಂಡೆಗೆ ಮೂರು ಬೇಕು. ಒಟ್ಟು ಹದಿಮೂರೂವರೆ ಗೆರೆ, ಅಂದರೆ ಏಳು ಗ್ರಾಂ ಹತ್ತಿರ. ದಿನಕ್ಕೆ ಎರಡು ಸಲ ಹಚ್ಚಿದರೆ 100 ಗ್ರಾಂ ಟ್ಯೂಬ್ ಒಂದು ವಾರಕ್ಕೆ ಮುಗಿಯಬೇಕು. ನಿಮ್ಮಲ್ಲಿ ಅದು ಎರಡು ತಿಂಗಳು ಬರುತ್ತಿದ್ದರೆ ಕ್ರೀಮು ಬದಲಿಸಬೇಡಿ, ಪ್ರಮಾಣ ಹೆಚ್ಚಿಸಿ. ಕೂದಲು ಇರುವ ದಿಕ್ಕಿನಲ್ಲಿ ಕೆಳಮುಖವಾಗಿ ಸವರಿ. ಮೇಲುಕೆಳಗು ಉಜ್ಜಿದರೆ ಕೂದಲಬುಡದಲ್ಲಿ ಗುಳ್ಳೆ ಏಳುತ್ತವೆ. ಡಬ್ಬಿಯಾಗಿದ್ದರೆ ಬೆರಳು ಅದ್ದದೆ ಚಮಚದಿಂದ ತೆಗೆಯಿರಿ. ಜೆಲ್ಲಿ, ಕ್ರೀಮು ಹೀರಿದ ಬಟ್ಟೆಗೆ ಬೇಗ ಬೆಂಕಿ ಹತ್ತುತ್ತದೆ, ದೀಪ, ಒಲೆಯ ಹತ್ತಿರ ಮಗುವನ್ನು ಬಿಡಬೇಡಿ.

ಕಡಲೆಹಿಟ್ಟು, ಹಾಲಿನ ಕೆನೆ, ಬಾದಾಮಿ ಎಣ್ಣೆ, ಶೇಂಗಾ ಎಣ್ಣೆ ಇಸುಬಿನ ಮೇಲೆ ಬೇಡ. ಒಡೆದ ಚರ್ಮದ ಮೂಲಕ ಆಹಾರದ ಪ್ರೋಟೀನು ಒಳಹೋದರೆ ಮೈ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಮುಂದೆ ತಿಂದಾಗ ಅಲರ್ಜಿ ಆಗಬಹುದು.

ಡೈಪರ್ ಹಾಕಿದಲ್ಲೆಲ್ಲ ಕೆಂಪಾಗಿದೆ. ಯಾವ ಕ್ರೀಮು?
— ಒಬ್ಬ ತಾಯಿ, ಬೆಂಗಳೂರು

ಜಿಂಕ್ ಆಕ್ಸೈಡ್ ಇರುವ ಮುಲಾಮು, ಗೋಡೆಗೆ ಸುಣ್ಣ ಬಳಿದಂತೆ ದಪ್ಪಗೆ. ಮುಂದಿನ ಸಲ ಬದಲಿಸುವಾಗ ಅದನ್ನು ಪೂರ್ತಿ ತಿಕ್ಕಿ ತೆಗೆಯಬೇಡಿ, ಕೊಳೆಯಾದ ಮೇಲ್ಪದರ ಮಾತ್ರ ಒರೆಸಿ ಮತ್ತೆ ಹಚ್ಚಿ. ಎರಡು ಮೂರು ಗಂಟೆಗೊಮ್ಮೆ ಡೈಪರ್ ಬದಲಿಸಿ, ಮಲ ಆದರೆ ಆಗಲೇ. ಗುಣವಾಗುವವರೆಗೆ ವೈಪ್ಸ್ ಬಿಟ್ಟು ಉಗುರುಬೆಚ್ಚನೆ ನೀರು, ಹತ್ತಿ. ದಿನಕ್ಕೆ ಕೆಲವು ಹೊತ್ತು ಬರೀ ಮೈಯಲ್ಲಿ ಗಾಳಿಗೆ ಬಿಡಿ. ತೊಡೆಸಂದಿನ ಆಳದಲ್ಲೂ ಕಡುಗೆಂಪಾಗಿ, ಅಂಚಿನ ಹೊರಗೆ ಸಣ್ಣ ಸಣ್ಣ ಕೆಂಪು ಚುಕ್ಕೆ ಹರಡಿದ್ದರೆ ಅದು ಫಂಗಸ್. ಜಿಂಕ್ ಒಂದರಿಂದಲೇ ಹೋಗದು, ವೈದ್ಯರು ಕ್ಲೋಟ್ರಿಮಜೋಲ್‌ನಂಥದ್ದನ್ನು ಬರೆದುಕೊಡುತ್ತಾರೆ. ಮೇಲೆ ಹೇಳಿದ ಸ್ಟೀರಾಯ್ಡ್ ಮಿಶ್ರಣ ಇಲ್ಲಿ ಇನ್ನೂ ಅಪಾಯ, ಡೈಪರಿನ ಕೆಳಗೆ ಬಿಸಿ, ತೇವ ಇರುವುದರಿಂದ ಔಷಧಿ ಹೆಚ್ಚು ಹೀರಿಕೊಳ್ಳುತ್ತದೆ.

ಮೊಮ್ಮಗಳಿಗೆ ಕಾಡಿಗೆ ಹಚ್ಚಬೇಡಿ ಅಂತ ಸೊಸೆ ಹೇಳುತ್ತಾಳೆ. ನಾವು ಮನೆಯಲ್ಲೇ ಹರಳೆಣ್ಣೆ ದೀಪದಿಂದ ಮಾಡಿದ್ದು, ಅದರಲ್ಲಿ ಏನು ದೋಷ?
— ಒಬ್ಬ ಅಜ್ಜಿ, ಹಾಸನ

ನಿಮ್ಮ ಸೊಸೆ ಹೇಳುವುದು ಸರಿ, ಅಮ್ಮ. ಅಂಗಡಿಯ ಸುರ್ಮಾ, ಹೆಸರಿಲ್ಲದ ಕಾಡಿಗೆಗಳಲ್ಲಿ ಸೀಸದ ಸಲ್ಫೈಡ್ ಇರುವುದುಂಟು. ಕೊಲ್ಲಿ ದೇಶಗಳಿಂದ, ಉತ್ತರ ಭಾರತದಿಂದ ಉಡುಗೊರೆಯಾಗಿ ಬರುವ ಸುರ್ಮಾವನ್ನಂತೂ ಮಗುವಿನ ಹತ್ತಿರವೇ ತರಬೇಡಿ. ಮಗು ಕಣ್ಣುಜ್ಜಿ ಅದೇ ಕೈ ಬಾಯಿಗಿಡುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ, ಅದು ಬುದ್ಧಿ ಬೆಳವಣಿಗೆಯನ್ನು ಕುಂದಿಸುತ್ತದೆ. ನೀವು ಮನೆಯಲ್ಲಿ ಮಾಡಿದ್ದರಲ್ಲಿ ಸೀಸ ಇರಲಿಕ್ಕಿಲ್ಲ. ಆದರೂ ಮಸಿ ಕಣ್ಣೀರಿನ ಸಣ್ಣ ನಾಳವನ್ನು ಕಟ್ಟುತ್ತದೆ, ಬೆರಳಿನ ಕೊಳೆ ಕಣ್ಣಿಗೆ ಹೋಗಿ ಪಿಸುರು ಬರುತ್ತದೆ. ದೃಷ್ಟಿಬೊಟ್ಟು ಇಡದೆ ಮನಸ್ಸು ಒಪ್ಪದಿದ್ದರೆ ಕಾಲುಚೀಲದ ಒಳಗೆ ಅಂಗಾಲಿಗೆ ಮನೆಯ ಕಾಡಿಗೆಯದೇ ಒಂದು ಬೊಟ್ಟಿಡಿ, ಮಗುವಿನ ಕೈಗೆ ಸಿಗುವುದಿಲ್ಲ.

ಹನ್ನೊಂದು ವರ್ಷದ ಮಗಳು ಮೊಬೈಲ್ ನೋಡಿ ರೆಟಿನಾಲ್, ವಿಟಮಿನ್ ಸಿ ಸೀರಮ್ ಬೇಕೆಂದು ಹಟ ಹಿಡಿದಿದ್ದಾಳೆ. ನಾದಿನಿ ಬೆಳ್ಳಗಾಗುವ ಕ್ರೀಮು ಕೊಟ್ಟಿದ್ದಾಳೆ, ಅದನ್ನೂ ಹಚ್ಚುತ್ತಿದ್ದಾಳೆ.
— ಒಬ್ಬ ತಾಯಿ, ಹುಬ್ಬಳ್ಳಿ

ಕ್ರೀಮಿನ ವಿಷಯ ಮೊದಲು, ಅದು ಅವಸರದ್ದು. ತಯಾರಕರ ವಿಳಾಸವಿಲ್ಲದ, ವಿದೇಶಿ ಅಕ್ಷರವಷ್ಟೇ ಇರುವ, 'ಹದಿನೈದು ದಿನದಲ್ಲಿ ಬಿಳುಪು' ಎನ್ನುವ ಕ್ರೀಮಾದರೆ ಇವತ್ತೇ ನಿಲ್ಲಿಸಿ. ಇಂಥವುಗಳಲ್ಲಿ ಪಾದರಸ ಇರಬಹುದು. ಭಾರತದ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿಯದೆ ಸೇರಿದ ಪಾದರಸವೂ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಮೀರುವಂತಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಹಲವರಿಗೆ ಮೂತ್ರಪಿಂಡದ ಕಾಯಿಲೆ ಬಂದಾಗ ವೈದ್ಯರು ಹುಡುಕಿದ ಜಾಡು ಮುಟ್ಟಿದ್ದು ಬಿಳುಪಿನ ಕ್ರೀಮಿಗೆ. ಮಗಳ ಮುಖ, ಕಾಲು ಊದಿದೆಯೇ, ಮೂತ್ರದಲ್ಲಿ ಬಹಳ ನೊರೆ ಇದೆಯೇ ನೋಡಿ. ಇದ್ದರೆ ಕ್ರೀಮಿನ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗಿ, ಮೂತ್ರ ಪರೀಕ್ಷೆ ಮಾಡಿಸಿ. ಲಕ್ಷಣವಿಲ್ಲದಿದ್ದರೂ ತಿಂಗಳುಗಳಿಂದ ಹಚ್ಚುತ್ತಿದ್ದರೆ ಪರೀಕ್ಷೆ ಒಳ್ಳೆಯದು. ಪಾದರಸ ಇಲ್ಲದಿದ್ದರೆ ಸ್ಟೀರಾಯ್ಡ್ ಇರಬಹುದು. ನಿಲ್ಲಿಸಿದ ಮೇಲೆ ಮುಖ ಕೆಂಪಾಗಿ ಉರಿದರೆ ಚರ್ಮತಜ್ಞರೇ ನೋಡಬೇಕು.

ಸೀರಮ್ ಬೇಡ. ರೆಟಿನಾಲ್ ಇರುವುದು ವಯಸ್ಸಾದ ಚರ್ಮದ ಸುಕ್ಕಿಗೆ. ಹನ್ನೊಂದರ ಚರ್ಮ ತಾನಾಗಿಯೇ ಬೇಗ ಬೇಗ ಹೊಸ ಪದರ ಕಟ್ಟುತ್ತಿರುತ್ತದೆ, ಅಲ್ಲಿ ಅದು ಸಿಪ್ಪೆ, ಉರಿ ಬಿಟ್ಟು ಬೇರೇನೂ ಕೊಡುವುದಿಲ್ಲ. ದೊಡ್ಡವರ ಮುಖಕ್ಕೇ ಯುರೋಪ್ ಒಕ್ಕೂಟ 2024ರ ನಿಯಮದಲ್ಲಿ ರೆಟಿನಾಲ್ ಪ್ರಮಾಣವನ್ನು ಶೇ. 0.3ಕ್ಕೆ ಮಿತಿಗೊಳಿಸಿದೆ. ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಆಮ್ಲಗಳೂ ವೈದ್ಯರು ಹೇಳದೆ ಬೇಡ.

ಬರೀ ಬೇಡ ಎಂದರೆ ಆಕೆ ಗೆಳತಿಯಿಂದ ತಂದು ಹಚ್ಚುತ್ತಾಳೆ. ಅವಳದೇ ಎನ್ನುವ ಮೂರು ವಸ್ತು ಕೊಡಿಸಿ: ಸುಗಂಧವಿಲ್ಲದ ಸೌಮ್ಯ ಫೇಸ್‌ವಾಶ್, ರಾತ್ರಿಗೆ ಹಗುರ ಮಾಯಿಶ್ಚರೈಸರ್, ಬೆಳಿಗ್ಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್. ಸನ್‌ಸ್ಕ್ರೀನಿನಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವುದು ಮಕ್ಕಳಿಗೆ ಒಗ್ಗುತ್ತದೆ. ಆಕೆಯ ತೋರುಬೆರಳು, ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ, ಕುತ್ತಿಗೆಗೆ ಬೇಕು. ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲು. ಆಟದ ದಿನ ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಿಳಿ ಪದರ ಕಾಣುತ್ತದೆ ಎಂದು ತೆಳುವಾಗಿ ಹಚ್ಚಿದರೆ ಡಬ್ಬಿ ಮೇಲಿನ ಸಂಖ್ಯೆಗೆ ಅರ್ಥವಿಲ್ಲ. ಆರು ತಿಂಗಳೊಳಗಿನ ಕೂಸುಗಳಿಗೆ ಸನ್‌ಸ್ಕ್ರೀನ್ ಬೇಡ, ನೆರಳು, ಟೋಪಿ ಸಾಕು.

ಬಣ್ಣದ ಬಗ್ಗೆ ಮನೆಯಲ್ಲಿ ಯಾರೂ ಆ ಹುಡುಗಿಗೆ ಒಂದು ಮಾತೂ ಆಡಬಾರದು. ನಿಮ್ಮ ನಾದಿನಿಗೂ ಇದನ್ನು ನೇರವಾಗಿ ಹೇಳಿ.

ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮೂರು ವರ್ಷದ ಮಗುವಿಗೆ ಫ್ಲೋರೈಡ್ ಇರುವ ಪೇಸ್ಟ್ ಕೊಡಬಹುದೇ?
— ಒಬ್ಬ ತಂದೆ, ಪಾವಗಡ

ಲೆಕ್ಕ ಹಾಕಿ ನೋಡೋಣ. ಭಾರತದಲ್ಲಿ ಟೂತ್‌ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಪ್ರಮಾಣವನ್ನು ಟ್ಯೂಬಿನ ಮೇಲೆ ಬರೆದಿರಬೇಕು. ಬಟಾಣಿಯಷ್ಟು ಪೇಸ್ಟ್ ಕಾಲು ಗ್ರಾಂ, ಅದರಲ್ಲಿ 0.25 ಮಿಲಿಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟಾದರೆ 0.1 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್ ನೀರನ್ನು ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ 2 ಮಿಲಿಗ್ರಾಂ ಒಳಹೋಯಿತು. ಕುಡಿಯುವ ನೀರಿನ ಮಿತಿಯೇ 1.5. ಹಾಗಾಗಿ ಮೊದಲು ಸರಿಯಾಗಬೇಕಾದ್ದು ನೀರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಹೆಚ್ಚುತ್ತದೆ. ಊರಿನ ಆರ್‌ಒ ಘಟಕದ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ, ಬೇಳೆ, ಗಂಜಿಗೂ ಬಳಸಿ.

ಪೇಸ್ಟ್ ವಿಷಯದಲ್ಲಿ, ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಎಂಬುದು ಎಲ್ಲ ಕಡೆಯ ಮಾತು. ನಿಮ್ಮ ಭಾಗದಲ್ಲಿ, ಹಾಗೆಯೇ ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಫ್ಲೋರೈಡ್ ನೀರಿನ ಊರುಗಳಲ್ಲಿ, ಮಗು ಉಗಿಯಲು ಕಲಿಯುವವರೆಗೆ ಅಕ್ಕಿಕಾಳಿಗೇ ನಿಲ್ಲಿಸಿ, ನಿಮ್ಮ ನೀರಿನ ಪರೀಕ್ಷೆಯ ಫಲಿತಾಂಶ ಹಿಡಿದು ದಂತವೈದ್ಯರನ್ನೊಮ್ಮೆ ಕೇಳಿ. ಎಂಟು ವರ್ಷದವರೆಗೆ ಹೊರಬರದ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ, ನುಂಗಿದ ಫ್ಲೋರೈಡ್ ಕಲೆ ಮಾಡುವುದು ಆಗಲೇ. ಹಣ್ಣಿನ ರುಚಿಯ ಪೇಸ್ಟನ್ನು ಮಕ್ಕಳು ತಿಂಡಿಯಂತೆ ನುಂಗುತ್ತಾರೆ, ಟ್ಯೂಬ್ ಎತ್ತರದಲ್ಲಿಡಿ. ಏಳೆಂಟು ವರ್ಷದವರೆಗೆ ಬ್ರಷ್ ಹಿಡಿಯುವ ಕೈ ನಿಮ್ಮದಾಗಿರಲಿ. ಇದ್ದಿಲು, ಉಪ್ಪು, ಇಟ್ಟಿಗೆಪುಡಿ ಎನಾಮಲನ್ನು ಸವೆಸುತ್ತವೆ.

ಮದುವೆಗೆ ಮಕ್ಕಳಿಗೆ ಮದರಂಗಿ ಹಾಕಿಸಬಹುದೇ? ಜೊತೆಗೆ ಹೇನಿಗೂ ಏನಾದರೂ ಹೇಳಿ.
— ಇಬ್ಬರು ಮಕ್ಕಳ ತಾಯಿ, ಶಿರಸಿ

ಗಿಡದ ಎಲೆ ಅರೆದು ಮಾಡಿದ, ಕಿತ್ತಳೆ-ಕೆಂಪು ಬಣ್ಣ ಬರುವ ಮದರಂಗಿ ದೊಡ್ಡ ಮಕ್ಕಳಿಗೆ ಆಗಬಹುದು. ಒಂದೇ ಗಂಟೆಯಲ್ಲಿ ಕಪ್ಪಾಗುವ 'ಕಪ್ಪು ಮೆಹಂದಿ' ಕೋನ್ ಬೇಡವೇ ಬೇಡ. ಅದರಲ್ಲಿ ಕೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಚಿತ್ತಾರದ ಗೆರೆಯುದ್ದಕ್ಕೂ ಬೊಕ್ಕೆ ಎದ್ದು ಕಲೆ ಉಳಿಯಬಹುದು, ಜೀವನಪೂರ್ತಿ ಹೇರ್‌ಡೈ ಅಲರ್ಜಿಯೂ ಅಂಟಿಕೊಳ್ಳಬಹುದು. ಜಿ6ಪಿಡಿ (ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಹುಟ್ಟಿನಿಂದಲೇ ಕೊರತೆ ಇರುವ ಕೂಸುಗಳಿಗೆ ಶುದ್ಧ ಮದರಂಗಿಯೂ ರಕ್ತಕಣ ಒಡೆಯುವಂತೆ ಮಾಡಬಹುದು. ಹಾಗಾಗಿ ಹಸುಗೂಸಿನ ಕೈಗೆ ಯಾವುದೂ ಬೇಡ.

ಹೇನಿಗೆ ಶೇ. 1 ಪರ್ಮೆಥ್ರಿನ್ ಲೋಶನ್. ತಲೆ ತೊಳೆದು, ಟವೆಲಿನಿಂದ ಒರೆಸಿ, ಪಸೆ ಇರುವಾಗ ಕಿವಿಯ ಹಿಂದೆ, ಕತ್ತಿನ ಹಿಂದೆ ಬಿಡದೆ ಹಚ್ಚಿ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆ ಸಲ ಕಂಡಿಷನರ್ ಹಚ್ಚಬೇಡಿ, ಔಷಧಿ ಕೂದಲಿಗೆ ಹಿಡಿಯುವುದಿಲ್ಲ. ಸೀರು ಇದರಿಂದ ಪೂರ್ತಿ ಸಾಯುವುದಿಲ್ಲ, ಆದ್ದರಿಂದ ಒಂಬತ್ತನೆಯ ದಿನ ಮತ್ತೊಮ್ಮೆ ಹಚ್ಚಬೇಕು, ನಡುವೆ ಎರಡು ದಿನಕ್ಕೊಮ್ಮೆ ಒದ್ದೆ ತಲೆಗೆ ಸೀರಣಿಗೆ ಆಡಿಸಬೇಕು. ಮನೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುವವರಿಗೆಲ್ಲ ಅದೇ ದಿನ ನೋಡಿ. ಸೀಮೆಎಣ್ಣೆ, ಜಿರಲೆ, ತಿಗಣೆ ಕೊಲ್ಲುವ ಸ್ಪ್ರೇ ತಲೆಗೆ ಹಾಕುವವರು ಈಗಲೂ ಇದ್ದಾರೆ. ಅವು ನೆತ್ತಿಯ ಚರ್ಮ ಸುಡುತ್ತವೆ, ಉಸಿರಿಗೂ ಹೋಗುತ್ತವೆ.